ದೊಡ್ಡ ಕಂಪನಿಯಲ್ಲಿ ಲೀನ್ ಸ್ಟಾರ್ಟಪ್: ಪ್ರಯೋಗ ನಡೆದರೂ ನಿರ್ಧಾರ ಯಾಕೆ ಬದಲಾಗುವುದಿಲ್ಲ?

ಇಡೀ ಉತ್ಪನ್ನ ಕಟ್ಟುವ ಮೊದಲು ಸಣ್ಣ ಪ್ರಯೋಗಗಳಿಂದ ಊಹೆಗಳನ್ನು ಪರೀಕ್ಷಿಸಿ, ಫಲಿತಾಂಶ ನೋಡಿ ಮುಂದಿನ ಹೆಜ್ಜೆ ಇಡುವ ವಿಧಾನಕ್ಕೆ ಲೀನ್ ಸ್ಟಾರ್ಟಪ್ ಎನ್ನುತ್ತಾರೆ. ಆ ಮಾತು ಕೇಳದ ವಿಭಾಗ ಈಗ ದೊಡ್ಡ ಕಂಪನಿಗಳಲ್ಲಿ ಸಿಗುವುದು ಕಷ್ಟ. ಗೋಡೆ ತುಂಬ ಬಣ್ಣದ ಚೀಟಿಗಳು, ಎರಡು ವಾರಕ್ಕೊಂದು ಸ್ಪ್ರಿಂಟ್ (ಚಿಕ್ಕ ಅವಧಿಯ ಕೆಲಸದ ಸುತ್ತು), ಹೆಸರಿಗೊಂದು ಯುಎಕ್ಸ್ (ಬಳಕೆದಾರರ ಅನುಭವ) ತಂಡ, ಪ್ರತಿ ಸ್ಲೈಡಿನಲ್ಲೂ 'ಎಂವಿಪಿ' (ಊಹೆ ಪರೀಕ್ಷಿಸಲು ಸಾಕಾಗುವಷ್ಟೇ ಕಟ್ಟಿದ ಕನಿಷ್ಠ ಉತ್ಪನ್ನ). ಆದರೆ ವರ್ಷದ ಕೊನೆಗೆ ಕೂತು ಲೆಕ್ಕ ಹಾಕಿ ನೋಡಿ: ವರ್ಷದ ಆರಂಭದಲ್ಲಿ ಒಪ್ಪಿಗೆ ಪಡೆದ ಯೋಜನೆಗಳೇ ಹೆಚ್ಚುಕಡಿಮೆ ಹಾಗೇ ಹೊರಬಂದಿರುತ್ತವೆ. ಬಳಕೆದಾರರನ್ನು ಮಾತಾಡಿಸಿದ್ದಾಯಿತು, ಪರೀಕ್ಷೆ ನಡೆಸಿದ್ದಾಯಿತು, ವರದಿಯೂ ಬಂತು. ಇದರಿಂದ ಯಾವ ಯೋಜನೆ ನಿಂತಿತು, ಯಾವುದು ದಿಕ್ಕು ಬದಲಿಸಿತು ಎಂದು ಕೇಳಿದರೆ ಮಾತ್ರ ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಲೀನ್ ಸ್ಟಾರ್ಟಪ್ ನಿಜಕ್ಕೂ ನಡೆಯುತ್ತಿದೆಯೇ ಎಂದು ತಿಳಿಯಲು ಇದಕ್ಕಿಂತ ಸರಳ ಅಳತೆ ಇಲ್ಲ. ಕಳೆದ ಹನ್ನೆರಡು ತಿಂಗಳಲ್ಲಿ ಪ್ರಯೋಗದ ಫಲಿತಾಂಶ ನೋಡಿ ಕೈಬಿಟ್ಟ ಯೋಜನೆಗಳೆಷ್ಟು? ಉತ್ತರ ಸೊನ್ನೆಯಾದರೆ, ಅಲ್ಲಿ ನಡೆಯುತ್ತಿರುವುದು ಹಳೆಯ ಪದ್ಧತಿಯೇ, ಹೆಸರು ಮಾತ್ರ ಹೊಸದು. ಇದಕ್ಕೆ ತಂಡಗಳನ್ನು ದೂರುವುದು ಸುಲಭ. ಆದರೆ ಬಹುತೇಕ ಕಡೆ ತಂಡಕ್ಕೆ ಪ್ರಯೋಗ ಮಾಡುವುದು ಚೆನ್ನಾಗಿಯೇ ಗೊತ್ತಿರುತ್ತದೆ. ಆ ಪ್ರಯೋಗ ಹೇಳಿದ್ದನ್ನು ಕೇಳಿಸಿಕೊಳ್ಳುವ ಏರ್ಪಾಡು ಹಣಕಾಸು, ಕಾನೂನು, ಸಿಬ್ಬಂದಿ ಮೌಲ್ಯಮಾಪನದ ಕಡೆ ಇರುವುದಿಲ್ಲ.

ಅಮೆರಿಕದ ಉದ್ಯಮಿ ಎರಿಕ್ ರೀಸ್ 2011ರಲ್ಲಿ ಪುಸ್ತಕವಾಗಿ ಮುಂದಿಟ್ಟ ಈ ವಿಧಾನ ಒಬ್ಬರ ತಲೆಯಿಂದ ಹುಟ್ಟಿದ್ದಲ್ಲ. ಕಟ್ಟುವ ಮುನ್ನ ಕಚೇರಿ ಬಿಟ್ಟು ಹೊರಗೆ ಹೋಗಿ ಗ್ರಾಹಕರನ್ನು ಕಾಣಿ ಎಂದು ಉದ್ಯಮಿ, ಅಧ್ಯಾಪಕ ಸ್ಟೀವ್ ಬ್ಲ್ಯಾಂಕ್ ಅದಕ್ಕೂ ಮೊದಲೇ ಕಲಿಸುತ್ತಿದ್ದರು. 'ಲೀನ್' ಎಂಬ ಹೆಸರು 1988ರಲ್ಲಿ ಜಾನ್ ಕ್ರಾಫ್ಸಿಕ್ ಬರೆದ ಲೇಖನದ್ದು. ಅವರು ಅದನ್ನು ಬಳಸಿದ್ದು ಟೊಯೊಟಾದ ಉತ್ಪಾದನಾ ಪದ್ಧತಿಯನ್ನು ವಿವರಿಸಲು. ಅಂದರೆ ಮೂಲ ಚಿಂತನೆ ದೊಡ್ಡ ಕಂಪನಿಯದ್ದೇ. ನಡುವೆ ಸಣ್ಣ ಕಂಪನಿಗಳ ಕೈಗೆ ಹೋಗಿ, ಮತ್ತೆ ದೊಡ್ಡವರ ಮನೆಗೆ ಮರಳಿತು. ಮರಳುವಾಗ ಒಂದು ಮುಖ್ಯ ಸಂಗತಿ ದಾರಿಯಲ್ಲೇ ಬಿದ್ದುಹೋಯಿತು: ಹಣ ಮುಗಿಯುತ್ತದೆ ಎಂಬ ಭಯ. ಒಂಬತ್ತು ತಿಂಗಳಿಗೆ ಸಾಲುವಷ್ಟು ದುಡ್ಡಿರುವ ಸಂಸ್ಥಾಪಕರಿಗೆ ತಪ್ಪು ಊಹೆಯನ್ನು ಹಿಡಿದುಕೊಂಡು ಕೂರುವ ಅವಕಾಶವೇ ಇಲ್ಲ. ದೊಡ್ಡ ಕಂಪನಿಯ ತಂಡಕ್ಕೆ ಸಂಬಳ ಪ್ರತಿ ತಿಂಗಳೂ ಬರುತ್ತದೆ, ಊಹೆ ಸರಿಯಿರಲಿ ತಪ್ಪಿರಲಿ.

ಗಂಟು ಇರುವುದು ಬಜೆಟ್‌ನಲ್ಲಿ

ಸಾಮಾನ್ಯ ಯೋಜನೆ ಹುಟ್ಟುವ ಬಗೆ ಹೀಗೆ. ಯಾರೋ ಒಬ್ಬರು ಬಿಸಿನೆಸ್ ಕೇಸ್, ಅಂದರೆ ಯೋಜನೆಗೆ ಹಣ ಯಾಕೆ ಹಾಕಬೇಕೆಂಬ ಸಮರ್ಥನೆ, ಬರೆಯುತ್ತಾರೆ. ಅದರಲ್ಲಿ ಮೂರರಿಂದ ಐದು ವರ್ಷದ ಆದಾಯದ ಅಂದಾಜು ಇರಲೇಬೇಕು, ಇಲ್ಲದಿದ್ದರೆ ಹಣಕಾಸು ವಿಭಾಗ ಮುಟ್ಟುವುದಿಲ್ಲ. ಇನ್ನೂ ಒಬ್ಬ ಗ್ರಾಹಕನನ್ನೂ ಕಾಣದ ಉತ್ಪನ್ನಕ್ಕೆ ಮೂರನೇ ವರ್ಷದ ಆದಾಯ ಬರೆಯುವುದೆಂದರೆ ಊಹೆಗೆ ಅಂಕಿ ತೊಡಿಸುವುದು ಅಷ್ಟೆ. ತೊಂದರೆ ಶುರುವಾಗುವುದು ಒಪ್ಪಿಗೆ ಸಿಕ್ಕ ಮೇಲೆ. ಆಗ ಆ ಅಂಕಿ ಬರೆದವರ ಗುರಿಯಾಗುತ್ತದೆ, ಅವರ ಮೇಲಧಿಕಾರಿಯ ಭರವಸೆಯಾಗುತ್ತದೆ, ವರ್ಷದ ಕೊನೆಯ ಬೋನಸ್ಸಿಗೂ ತಳಕು ಹಾಕಿಕೊಳ್ಳುತ್ತದೆ. ಎರಡನೇ ತಿಂಗಳಲ್ಲಿ ಯುಎಕ್ಸ್ ತಂಡ ಬಂದು 'ಬಳಕೆದಾರರಿಗೆ ಇದು ಬೇಕಾಗಿಲ್ಲ' ಎಂದರೆ, ಅದು ಸಂಶೋಧನೆಯ ಫಲಿತಾಂಶವಾಗಿ ಯಾರಿಗೂ ಕೇಳುವುದಿಲ್ಲ. ಮೂರು ಜನರ ಬೋನಸ್ಸಿಗೆ ಬಂದ ಕುತ್ತಾಗಿ ಕೇಳುತ್ತದೆ. ಆಮೇಲೆ ಆ ವರದಿ ಎಲ್ಲಿಗೆ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ.

ಇದಕ್ಕಿರುವ ಉಪಾಯ ಕಂತುಗಳಲ್ಲಿ ಹಣ ಬಿಡುವುದು. ಮೊದಲ ಕಂತು ಮೂರು ಜನರಿಗೆ, ಆರರಿಂದ ಎಂಟು ವಾರಕ್ಕೆ: ಒಬ್ಬ ಪ್ರಾಡಕ್ಟ್ ಮ್ಯಾನೇಜರ್, ಒಬ್ಬ ಡಿಸೈನರ್, ಒಬ್ಬ ಎಂಜಿನಿಯರ್. ಮೂವರೂ ಪೂರ್ತಿ ಸಮಯ ಇದಕ್ಕೇ ಮೀಸಲು. ನಾಲ್ಕು ಯೋಜನೆಗಳಿಗೆ ಶೇ 25ರಂತೆ ಹಂಚಿಹೋದ ಮನುಷ್ಯನಿಂದ ಯಾವ ಪ್ರಯೋಗವೂ ಮುಗಿಯುವುದಿಲ್ಲ. ಈ ಹಂತದ ಪ್ರಶ್ನೆ ಒಂದೇ: ಸಮಸ್ಯೆ ನಿಜವಾಗಿಯೂ ಇದೆಯೇ, ಯಾರಿಗಿದೆ? ಎರಡನೇ ಕಂತು ಆರೇಳು ಜನರಿಗೆ, ಸುಮಾರು ಮೂರು ತಿಂಗಳಿಗೆ: ನಮ್ಮ ಪರಿಹಾರ ಅವರ ಕೆಲಸ ನಡೆಸುತ್ತದೆಯೇ? ಆದಾಯದ ಅಂದಾಜು ಕೇಳುವುದಿದ್ದರೆ ಮೂರನೇ ಕಂತಿನಲ್ಲಿ ಕೇಳಬೇಕು. ಆ ಹೊತ್ತಿಗೆ ಕೈಯಲ್ಲಿ ಒಂದಷ್ಟು ನಿಜವಾದ ಅಂಕಿಗಳಿರುತ್ತವೆ.

ಕಂತು ಬಿಡುವ ಮಂಡಳಿಗೆ ಹಲವು ಕಂಪನಿಗಳು 'ಗ್ರೋತ್ ಬೋರ್ಡ್' ಎನ್ನುತ್ತವೆ. ಅದರಲ್ಲಿ ನಾಲ್ಕರಿಂದ ಆರು ಜನ ಸಾಕು, ಆದರೆ ಬಜೆಟ್ ಮೇಲೆ ಸಹಿ ಹಾಕುವ ಅಧಿಕಾರ ಅವರಿಗೇ ಇರಬೇಕು. ಆರು ವಾರಕ್ಕೊಮ್ಮೆ ಸಭೆ, ಒಂದು ತಂಡಕ್ಕೆ ಅರ್ಧ ಗಂಟೆ, ಎರಡು ಪುಟದ ಟಿಪ್ಪಣಿ. ಕಳೆದ ಕಂತಿನಲ್ಲಿ ಯಾವ ಊಹೆ ಪರೀಕ್ಷಿಸಿದಿರಿ, ಮೊದಲೇ ಬರೆದಿಟ್ಟ ಮಿತಿ ಏನಿತ್ತು, ಬಂದದ್ದೇನು, ಮುಂದೇನು? ಸಭೆ ಮುಗಿಯುವ ಮುನ್ನ ಮುಂದುವರಿ, ದಿಕ್ಕು ಬದಲಿಸು, ನಿಲ್ಲಿಸು ಎಂಬ ಮೂರರಲ್ಲಿ ಒಂದು ತೀರ್ಮಾನ ಬರಬೇಕು. 'ಇನ್ನಷ್ಟು ಮಾಹಿತಿ ತನ್ನಿ' ಎಂಬ ನಾಲ್ಕನೇ ಉತ್ತರಕ್ಕೆ ಜಾಗ ಕೊಟ್ಟಿರೋ, ಮಂಡಳಿ ಅಲ್ಲಿಗೆ ಸತ್ತಂತೆ.

ಮಂಡಳಿ ಹಾಳಾಗುವ ದಾರಿಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ಮೂರನೇ ಸಭೆಯಿಂದ ಸದಸ್ಯರು ತಮ್ಮ ಬದಲಿಗೆ ಕೈಕೆಳಗಿನವರನ್ನು ಕಳಿಸುತ್ತಾರೆ. ಅವರಿಗೆ ತೀರ್ಮಾನದ ಅಧಿಕಾರ ಇಲ್ಲದ್ದರಿಂದ ಸಭೆ ವರದಿ ಒಪ್ಪಿಸುವ ಕಾರ್ಯಕ್ರಮವಾಗುತ್ತದೆ. ಎರಡು ಪುಟದ ಟಿಪ್ಪಣಿ ನಲವತ್ತು ಸ್ಲೈಡ್ ಆಗುತ್ತದೆ. ಸಭೆಗೆ ಮುಂಚೆ 'ಪೂರ್ವಭಾವಿ ಸಭೆ' ಹುಟ್ಟಿಕೊಳ್ಳುತ್ತದೆ. ಇನ್ನೊಂದು ದಾರಿ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಯೋಜನೆ ನಿಂತರೆ ತಂಡದವರ ಗತಿ ಏನು ಎಂಬುದಕ್ಕೆ ಉತ್ತರ ಇಲ್ಲದಿದ್ದರೆ, ಯಾವ ತಂಡವೂ 'ನಿಲ್ಲಿಸಿ' ಎನ್ನುವ ಪುರಾವೆಯನ್ನು ತಂದು ಮೇಜಿನ ಮೇಲೆ ಇಡುವುದಿಲ್ಲ. ಆದ್ದರಿಂದ ಮೊದಲ ಕಂತು ಬಿಡುವ ದಿನವೇ ಎರಡು ಮಾತು ಬರಹದಲ್ಲಿ ಆಗಬೇಕು: ಯೋಜನೆ ನಿಂತರೆ ಈ ಮೂವರಿಗೆ ಮುಂದಿನ ಕೆಲಸ ಯಾವುದು, ಮತ್ತು ವರ್ಷದ ಮೌಲ್ಯಮಾಪನದಲ್ಲಿ ಅವರನ್ನು ಅಳೆಯುವುದು ಯಾವುದರಿಂದ. ಉಳಿದ ಹಣ ಸಾಮಾನ್ಯ ನಿಧಿಗೆ ಮರಳಬೇಕು. 'ಈ ವರ್ಷ ಖರ್ಚು ಮಾಡದಿದ್ದರೆ ಮುಂದಿನ ವರ್ಷ ಸಿಗುವುದಿಲ್ಲ' ಎಂಬ ನಿಯಮ ಇರುವಲ್ಲಿ ಮಿತವ್ಯಯದ ಪ್ರಯೋಗಕ್ಕೆ ಅರ್ಥವೇ ಇರುವುದಿಲ್ಲ.

ತೀರಾ ಸಣ್ಣ ಮೊತ್ತಕ್ಕೆ ಮಂಡಳಿಯೂ ಬೇಕಾಗಿಲ್ಲ. ಅಡೋಬಿ ಕಂಪನಿ 2013ರಲ್ಲಿ ಆರಂಭಿಸಿದ ಕಿಕ್‌ಬಾಕ್ಸ್ ಎಂಬ ಏರ್ಪಾಡಿನಲ್ಲಿ ನೌಕರರ ಕೈಗೆ ಒಂದು ಕೆಂಪು ಪೆಟ್ಟಿಗೆ ಬರುತ್ತಿತ್ತು. ಒಳಗೆ ಹಂತಹಂತದ ಸೂಚನೆಗಳು, ಜೊತೆಗೆ 1,000 ಡಾಲರ್ ತುಂಬಿದ ಪ್ರಿಪೇಯ್ಡ್ ಕಾರ್ಡ್. ಖರ್ಚಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇದರ ಜಾಣತನ ಇರುವುದು ಮೊತ್ತದಲ್ಲಿ. ಒಪ್ಪಿಗೆ ಪ್ರಕ್ರಿಯೆಗೆ ತಗಲುವ ವೆಚ್ಚವೇ ಪ್ರಯೋಗದ ವೆಚ್ಚವನ್ನು ಮೀರುವಂತಿದ್ದರೆ, ಆ ಒಪ್ಪಿಗೆ ಕೇಳುವುದೇ ನಷ್ಟ.

ಒಂದು ಪ್ರಯೋಗವನ್ನು ಹತ್ತಿರದಿಂದ ನೋಡಿದರೆ

ಒಂದು ಕಾಲ್ಪನಿಕ ವಿಮಾ ಕಂಪನಿಯನ್ನು ತೆಗೆದುಕೊಳ್ಳೋಣ. ಅಪಘಾತವಾದ ವಾಹನದ ಫೋಟೊಗಳನ್ನು ಗ್ರಾಹಕರೇ ಮೊಬೈಲಿನಲ್ಲಿ ತೆಗೆದು ಕಳಿಸಲಿ, ಯಂತ್ರ ಅದನ್ನು ನೋಡಿ ದುರಸ್ತಿಯ ಅಂದಾಜು ಕೊಡಲಿ, ಹಾನಿ ಅಂದಾಜಿಸುವ ಸರ್ವೇಯರ್ ಸ್ಥಳಕ್ಕೆ ಹೋಗುವುದು ತಪ್ಪಲಿ ಎಂಬುದು ಯೋಚನೆ. ಹಳೆಯ ದಾರಿಯಲ್ಲಿ ಹೋದರೆ ಇದು ಹದಿನೆಂಟು ತಿಂಗಳ ಯೋಜನೆ: ಹೊರಗಿನ ವೆಂಡರ್, ಚಿತ್ರ ಗುರುತಿಸುವ ಮಾಡೆಲ್, ಕ್ಲೇಮ್ ವ್ಯವಸ್ಥೆಯೊಂದಿಗೆ ಜೋಡಣೆ, ಆಪ್‌ನ ಹೊಸ ಆವೃತ್ತಿ.

ಇದರೊಳಗೆ ಅಡಗಿರುವ ಊಹೆಗಳನ್ನು ಬಿಡಿಸಿ ಹರಡಿದರೆ ಕನಿಷ್ಠ ಆರು ಸಿಗುತ್ತವೆ. ಅಪಘಾತವಾದ ಮೇಲೆ ಗ್ರಾಹಕರು ಫೋಟೊ ತೆಗೆಯುತ್ತಾರೆ. ಆ ಫೋಟೊ ಕೆಲಸಕ್ಕೆ ಬರುವಂತಿರುತ್ತದೆ. ಫೋಟೊ ಮಾತ್ರ ನೋಡಿ ಕೊಟ್ಟ ಅಂದಾಜು, ಸ್ಥಳಕ್ಕೆ ಹೋಗಿ ಕೊಟ್ಟ ಅಂದಾಜಿಗೆ ಹತ್ತಿರವಿರುತ್ತದೆ. ಆ ಅಂದಾಜನ್ನು ಗ್ರಾಹಕರು ಒಪ್ಪುತ್ತಾರೆ. ವಂಚನೆ ಹೆಚ್ಚುವುದಿಲ್ಲ. ಯಂತ್ರಕ್ಕೆ ಈ ಕೆಲಸ ಸಾಧ್ಯ. ತಂಡಗಳು ಸಾಮಾನ್ಯವಾಗಿ ಕೊನೆಯ ಊಹೆಯಿಂದ ಶುರುಮಾಡುತ್ತವೆ, ಯಾಕೆಂದರೆ ಅದೇ ಎಲ್ಲಕ್ಕಿಂತ ಆಸಕ್ತಿಯ ಕೆಲಸ. ಶುರುಮಾಡಬೇಕಾದದ್ದು, ತಪ್ಪಾದರೆ ಇಡೀ ಯೋಜನೆ ಕುಸಿಯುವ ಮತ್ತು ಪರೀಕ್ಷಿಸಲು ಅಗ್ಗವಾದ ಊಹೆಯಿಂದ. ಇಲ್ಲಿ ಅದು ಮೂರನೆಯದು.

ಅದನ್ನು ಪರೀಕ್ಷಿಸಲು ಒಂದು ಸಾಲು ಕೋಡ್ ಕೂಡ ಬೇಡ. ಈಗಾಗಲೇ ಇತ್ಯರ್ಥವಾದ 200 ಹಳೆಯ ಕ್ಲೇಮ್‌ಗಳನ್ನು ತೆಗೆದು, ಅಂತಿಮ ಮೊತ್ತ ಮುಚ್ಚಿ, ಫೋಟೊಗಳನ್ನು ಮಾತ್ರ ಮೂವರು ಅನುಭವಿ ಸರ್ವೇಯರ್‌ಗಳ ಮುಂದಿಡಿ. ಪ್ರತಿಯೊಬ್ಬರೂ ಬೇರೆಬೇರೆಯಾಗಿ ಅಂದಾಜು ಬರೆಯಲಿ. ಒಂದು ವಾರದ ಕೆಲಸ. ಪಳಗಿದ ಕಣ್ಣಿಗೇ ಫೋಟೊ ಸಾಲದಿದ್ದರೆ, ಅಂಥವರ ಅಂದಾಜುಗಳಿಂದಲೇ ಕಲಿಯಬೇಕಾದ ಯಂತ್ರಕ್ಕೆ ಸಾಕಾಗುತ್ತದೆ ಎಂದು ನಂಬಿ ಹದಿನೆಂಟು ತಿಂಗಳು ಕೂರುವುದು ಬೇಡ. ಮೂವರ ಅಂದಾಜುಗಳೇ ತಮ್ಮತಮ್ಮೊಳಗೆ ಬಹಳ ದೂರ ನಿಂತರೆ ಅದೂ ಒಂದು ಸುದ್ದಿಯೇ: ಹೋಲಿಸಿ ನೋಡಲು ನಂಬಬಹುದಾದ ಅಳತೆಗೋಲೇ ಕಂಪನಿಯಲ್ಲಿಲ್ಲ ಎಂದಾಯಿತು.

ಇದರಲ್ಲೊಂದು ಮೋಸವಿದೆ. ಹಳೆಯ ಫೋಟೊಗಳನ್ನು ತೆಗೆದದ್ದು ಸರ್ವೇಯರ್‌ಗಳೇ, ಗ್ರಾಹಕರಲ್ಲ. ಹಾಗಾಗಿ ಎರಡನೇ ಪ್ರಯೋಗ ಬೇಕು. ಕಾಲ್ ಸೆಂಟರ್‌ಗೆ ಕ್ಲೇಮ್ ದಾಖಲಿಸಲು ಕರೆ ಮಾಡುವ ಮುಂದಿನ 40 ಜನರಿಗೆ ಒಂದು ಲಿಂಕ್ ಕಳಿಸಿ. ಅದರ ಹಿಂದೆ ಇರುವುದು ಸಾಮಾನ್ಯ ವೆಬ್ ಫಾರ್ಮ್. ಬಂದ ಫೋಟೊಗಳನ್ನು ಕಚೇರಿಯಲ್ಲಿ ಕೂತ ಸರ್ವೇಯರ್ ಎರಡು ಗಂಟೆಯೊಳಗೆ ನೋಡಿ ಅಂದಾಜು ಬರೆಯುತ್ತಾರೆ. ಅದೇ ವೇಳೆ ಎಂದಿನಂತೆ ಇನ್ನೊಬ್ಬ ಸರ್ವೇಯರ್ ಸ್ಥಳಕ್ಕೂ ಹೋಗುತ್ತಾರೆ, ಹಣ ಪಾವತಿಯಾಗುವುದು ಆ ವರದಿಯ ಮೇಲೆಯೇ. ಹೀಗಾಗಿ ಪ್ರಯೋಗ ತಪ್ಪಿದರೂ ಯಾವ ಗ್ರಾಹಕರಿಗೂ ನಷ್ಟವಿಲ್ಲ, ಕಾನೂನು ವಿಭಾಗಕ್ಕೂ ತಲೆನೋವಿಲ್ಲ. ಯಂತ್ರ ಮಾಡಬೇಕಾದ್ದನ್ನು ಮರೆಯಲ್ಲಿ ಮನುಷ್ಯ ಮಾಡುವ ಈ ತಂತ್ರಕ್ಕೆ 'ವಿಝರ್ಡ್ ಆಫ್ ಆಝ್' ಪ್ರಯೋಗ ಎನ್ನುತ್ತಾರೆ. ಇದೂ ಸ್ಟಾರ್ಟಪ್‌ಗಳ ಕೊಡುಗೆಯಲ್ಲ: ಮಾತನ್ನು ಅಕ್ಷರವಾಗಿಸುವ ಟೈಪ್‌ರೈಟರ್ ಜನರಿಗೆ ಒಗ್ಗುತ್ತದೆಯೇ ಎಂದು ತಿಳಿಯಲು ಐಬಿಎಂನ ಜಾನ್ ಗೌಲ್ಡ್ ಮತ್ತು ಸಂಗಡಿಗರು ಮರೆಯಲ್ಲಿ ಟೈಪಿಸ್ಟ್‌ರನ್ನು ಕೂರಿಸಿ ನಡೆಸಿದ ಅಧ್ಯಯನ 1983ರಲ್ಲೇ ಪ್ರಕಟವಾಗಿತ್ತು.

ಮಿತಿಗಳನ್ನು ಪ್ರಯೋಗಕ್ಕೆ ಮುಂಚೆ ಬರೆದು, ತಾರೀಖು ಹಾಕಿ, ಮಂಡಳಿಗೆ ಕಳಿಸಿಡಬೇಕು. 40ರಲ್ಲಿ ಕನಿಷ್ಠ 28 ಜನ ಫೋಟೊ ಕಳಿಸಬೇಕು. ಕಳಿಸಿದವರಲ್ಲಿ ಶೇ 80 ಮಂದಿಯನ್ನು ಮತ್ತೊಮ್ಮೆ ಕೇಳುವ ಪ್ರಮೇಯ ಬರಬಾರದು. ನಾಲ್ಕರಲ್ಲಿ ಮೂರು ಅಂದಾಜುಗಳು ಸ್ಥಳದ ಅಂದಾಜಿನಿಂದ ಶೇ 15ರೊಳಗೆ ಇರಬೇಕು. ಮೊದಲೇ ಬರೆಯದಿದ್ದರೆ ಏನಾಗುತ್ತದೆ ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. 19 ಜನ ಕಳಿಸಿದರೂ 'ಹತ್ತಿರ ಹತ್ತಿರ ಅರ್ಧ ಜನ ಉತ್ಸಾಹ ತೋರಿದರು' ಎಂಬ ಸ್ಲೈಡ್ ತಯಾರಾಗುತ್ತದೆ.

40 ಎಂಬುದು ಸಣ್ಣ ಸಂಖ್ಯೆ, ನಿಜ. 28 ಬಂದರೆ ಶೇ 70 ಎಂದಾಯಿತು, ಅದರ ಆಚೀಚೆ ಸುಮಾರು 14 ಅಂಶಗಳ ಅನಿಶ್ಚಿತತೆ ಇರುತ್ತದೆ. ಆದರೆ ಈ ಹಂತದ ಪ್ರಶ್ನೆ 70ಓ 20ಓ ಎಂಬುದು; 70ಓ 73ಓ ಎಂಬುದಲ್ಲ. ಅದಕ್ಕೆ 40 ಸಾಕು. ವಂಚನೆಯ ಊಹೆಗೆ ಮಾತ್ರ ಸಾಲದು. 40ರಲ್ಲಿ ಒಂದೂ ವಂಚನೆ ಕಾಣಲಿಲ್ಲ ಎಂದು ಸಮಾಧಾನಪಡುವಂತಿಲ್ಲ. ಸೊನ್ನೆ ಕಂಡಾಗ ನಿಜವಾದ ಪ್ರಮಾಣ ಎಷ್ಟರವರೆಗೂ ಇರಬಹುದು ಎಂಬುದಕ್ಕೆ ಸುಲಭ ಲೆಕ್ಕವೊಂದಿದೆ: ಮೂರನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿ. ಮೂರು ಭಾಗಿಸು ನಲವತ್ತು ಅಂದರೆ ಶೇ 7.5. ವಿಮಾ ಕಂಪನಿಯನ್ನು ಮುಳುಗಿಸಲು ಅಷ್ಟು ಧಾರಾಳ ಸಾಕು. ಅದೂ ಅಲ್ಲದೆ ವಂಚಕರು ಹೊಸ ವ್ಯವಸ್ಥೆಯ ಸಂದುಗಳನ್ನು ಕಂಡುಕೊಳ್ಳಲು ಸಮಯ ತೆಗೆದುಕೊಳ್ಳುತ್ತಾರೆ. ಆ ಊಹೆಯನ್ನು ಮುಂದಿನ ಕಂತಿನ ಪಟ್ಟಿಗೆ ಸೇರಿಸಬೇಕು, ಬಗೆಹರಿಯಿತು ಎಂದು ಗೀಟು ಹಾಕಬಾರದು.

ಅಂಕಿಗಳ ಜೊತೆಗೆ ಈ 40 ಜನರಲ್ಲಿ ಹತ್ತು ಮಂದಿಯನ್ನಾದರೂ ಮಾತಾಡಿಸುವುದು ಯುಎಕ್ಸ್ ತಂಡದ ಕೆಲಸ, ಮತ್ತು ಚಿನ್ನ ಸಿಗುವುದು ಅಲ್ಲೇ. ಡೊಂಕಾದ ಭಾಗವನ್ನು ತೀರಾ ಹತ್ತಿರದಿಂದ ತೆಗೆದದ್ದರಿಂದ ಅದು ಯಾವ ಬಾಗಿಲು ಎಂದೇ ತಿಳಿಯುವುದಿಲ್ಲ. ಕತ್ತಲಲ್ಲಿ ಫ್ಲ್ಯಾಶ್ ಬೆಳಕು ಬಣ್ಣದ ಮೇಲೆ ಬಿದ್ದು ಗೀರು ಮಾಯವಾಗಿರುತ್ತದೆ. ಇವೆರಡಕ್ಕೂ ಪರದೆಯ ಮೇಲೆ ಚೌಕಟ್ಟು ತೋರಿಸಿ, 'ಎರಡು ಹೆಜ್ಜೆ ಹಿಂದೆ ಸರಿಯಿರಿ' ಎಂದರೆ ಮುಗಿಯಿತು. ಆದರೆ 'ಗಾಡಿ ಈಗ ನನ್ನ ಹತ್ತಿರ ಇಲ್ಲ, ಗ್ಯಾರೇಜಿಗೆ ಎಳೆದುಕೊಂಡು ಹೋಗಿದ್ದಾರೆ' ಎಂದು ನಾಲ್ಕೈದು ಜನ ಹೇಳಿದರೆ? ಆಗ ಪರದೆಯ ಚೌಕಟ್ಟು ತಿದ್ದಿ ಪ್ರಯೋಜನವಿಲ್ಲ. ಈ ಸೇವೆಯ ಬಳಕೆದಾರ ವಾಹನದ ಮಾಲೀಕನಲ್ಲ, ಗ್ಯಾರೇಜಿನ ಕೆಲಸಗಾರ ಎಂದಾಗುತ್ತದೆ. ಗ್ರಾಹಕರ ಆಪ್ ಯೋಜನೆ ನಿಂತು ಗ್ಯಾರೇಜಿನವರಿಗಾಗಿ ಬೇರೆಯದೇ ಉಪಕರಣ ಹುಟ್ಟಬೇಕಾಗುತ್ತದೆ. ದಿಕ್ಕು ಬದಲಿಸುವುದು ಅಂದರೆ ಇದು. ಕಂತಿನ ಬಜೆಟ್ ಇರುವಲ್ಲಿ ಈ ಬದಲಾವಣೆಯ ಬೆಲೆ ಎರಡು ತಿಂಗಳು, ಮೂರು ಜನ. ವಾರ್ಷಿಕ ಬಜೆಟ್ ಇರುವಲ್ಲಿ ವೆಂಡರ್ ಒಪ್ಪಂದಕ್ಕೆ ಆಗಲೇ ಸಹಿ ಬಿದ್ದಿರುತ್ತದೆ.

ಬಳಕೆದಾರರ ಹತ್ತಿರ ಹೋಗುವುದೇ ಕಷ್ಟ

ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಲಕ್ಷಾಂತರ ಗ್ರಾಹಕರಿರುವ ಕಂಪನಿಯ ಡಿಸೈನರ್‌ಗೆ ಐದು ಜನ ಗ್ರಾಹಕರನ್ನು ಮಾತಾಡಿಸುವುದು ದುಸ್ತರ. ಮಾರಾಟ ವಿಭಾಗ 'ನನ್ನ ಗ್ರಾಹಕರನ್ನು ಕೆಣಕಬೇಡಿ' ಎನ್ನುತ್ತದೆ, ಕಾನೂನು ವಿಭಾಗ ಒಪ್ಪಿಗೆ ಪತ್ರದ ಒಕ್ಕಣೆ ನೋಡಲು ಮೂರು ವಾರ ಕೇಳುತ್ತದೆ, ಬಳಕೆದಾರರಿಗೆ ಕೊಡುವ ಗೌರವಧನ ಯಾವ ಖಾತೆಗೆ ಬರಬೇಕೆಂದು ಖರೀದಿ ವಿಭಾಗಕ್ಕೆ ತೋಚುವುದಿಲ್ಲ. ಪ್ರತಿ ಪ್ರಯೋಗಕ್ಕೂ ಈ ಮೂರು ಬಾಗಿಲು ಬಡಿದರೆ ಎರಡು ವಾರದ ಸ್ಪ್ರಿಂಟ್ ನಗೆಪಾಟಲು.

ಕೆಲಸ ಮಾಡುವ ಪರಿಹಾರವೆಂದರೆ ಒಪ್ಪಿಗೆಯನ್ನು ಒಂದೇ ಸಲ, ಸಗಟಾಗಿ ಪಡೆಯುವುದು. ಕಾನೂನು, ಭದ್ರತೆ, ಬ್ರ್ಯಾಂಡ್ ವಿಭಾಗದವರೊಂದಿಗೆ ಕೂತು ಒಂದು ಪುಟದ ಮಿತಿಪಟ್ಟಿ ಮಾಡಿಕೊಳ್ಳಬೇಕು. ಇಷ್ಟು ಜನರಿಗಿಂತ ಕಡಿಮೆ, ಇಷ್ಟು ದಿನಕ್ಕಿಂತ ಕಡಿಮೆ, ಸೂಕ್ಷ್ಮ ಮಾಹಿತಿ ಸಂಗ್ರಹಿಸದ, ಹಣದ ವಹಿವಾಟು ನಡೆಸದ, ಪ್ರಯೋಗ ಎಂದು ಸ್ಪಷ್ಟವಾಗಿ ಹೇಳಿಕೊಂಡ ಯಾವುದೇ ಪರೀಕ್ಷೆಗೆ ಪ್ರತ್ಯೇಕ ಅಪ್ಪಣೆ ಬೇಡ. ಮಿತಿ ದಾಟಿದ್ದಕ್ಕೆ ಮಾತ್ರ ಕೇಳಬೇಕು, ಉತ್ತರ ಐದು ಕೆಲಸದ ದಿನಗಳಲ್ಲಿ ಬರಬೇಕು. ಬ್ರ್ಯಾಂಡಿನ ಚಿಂತೆ ತೀರಾ ಹೆಚ್ಚಿದ್ದರೆ ಕಂಪನಿಯ ಹೆಸರಿಲ್ಲದೆ ಬೇರೆ ಹೆಸರಲ್ಲಿ ಪರೀಕ್ಷಿಸಬಹುದು. ಆದರೆ ದೊಡ್ಡ ಹೆಸರಿನ ಮೇಲಿನ ನಂಬಿಕೆಯಿಂದಲೇ ಓಡುವ ಸೇವೆಗಳಲ್ಲಿ ಹೆಸರು ತೆಗೆದರೆ ಫಲಿತಾಂಶವೇ ತಿರುಚಿಹೋಗುತ್ತದೆ ಎಂಬುದು ನೆನಪಿರಲಿ.

'ಐದು ಜನ ಸಾಕು' ಎಂಬ ಮಾತನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಅದರ ಹಿಂದಿನ ಲೆಕ್ಕವನ್ನು ಕೆಲವರೇ ನೋಡಿರುತ್ತಾರೆ. ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ, ಒಬ್ಬ ಬಳಕೆದಾರನ ಪರೀಕ್ಷೆಯಲ್ಲಿ ಸರಾಸರಿ ಶೇ 31ರಷ್ಟು ತೊಡಕುಗಳು ಕಾಣುತ್ತವೆ. ಹಾಗಾದರೆ ಐದು ಜನರ ನಂತರವೂ ಕಾಣದೆ ಉಳಿಯುವುದು 0.69ರ ಐದನೇ ಘಾತ, ಅಂದರೆ ಶೇ 16ರ ಹತ್ತಿರ. ಶೇ 84 ಕಂಡಂತಾಯಿತು. ಆ 31 ಒಂದು ಸರಾಸರಿ ಅಷ್ಟೆ. ನೂರು ಜನರಲ್ಲಿ ಐವರಿಗೆ ಮಾತ್ರ ಎದುರಾಗುವ ತೊಡಕು ಐದು ಜನರ ಪರೀಕ್ಷೆಯಲ್ಲಿ ಕಾಣುವ ಸಾಧ್ಯತೆ ಶೇ 23 ಮಾತ್ರ. ಬಳಕೆದಾರರಲ್ಲಿ ಬೇರೆಬೇರೆ ಗುಂಪುಗಳಿದ್ದರೆ ಪ್ರತಿ ಗುಂಪಿಗೂ ಬೇರೆ ಐವರು ಬೇಕು. ಮತ್ತು ಈ ಲೆಕ್ಕ ತೊಡಕು ಹುಡುಕುವುದಕ್ಕೆ. 'ಜನ ಇದನ್ನು ಕೊಳ್ಳುತ್ತಾರೆಯೇ' ಎಂಬುದಕ್ಕೆ ಇದು ಉತ್ತರ ಕೊಡುವುದಿಲ್ಲ.

ಯಾರು ನೋಡುತ್ತಾರೆ ಎಂಬುದೂ ಎಷ್ಟು ಜನರನ್ನು ಪರೀಕ್ಷಿಸಿದಿರಿ ಎಂಬಷ್ಟೇ ಮುಖ್ಯ. ತಂಡದ ಪ್ರತಿಯೊಬ್ಬರೂ ಆರು ವಾರಕ್ಕೊಮ್ಮೆ ಕನಿಷ್ಠ ಎರಡು ಗಂಟೆ ಬಳಕೆದಾರರು ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕು ಎಂಬುದು ಯುಎಕ್ಸ್ ತಜ್ಞ ಜೇರೆಡ್ ಸ್ಪೂಲ್ ಅವರ ಸಲಹೆ. ಪ್ರತಿಯೊಬ್ಬರೂ ಎಂದರೆ ಸಹಿ ಹಾಕುವ ಅಧಿಕಾರಿಯೂ ಸೇರಿ. ಇಪ್ಪತ್ತು ಪುಟದ ವರದಿ ಅಲುಗಿಸದ ಉಪಾಧ್ಯಕ್ಷರನ್ನು, ಗ್ರಾಹಕರೊಬ್ಬರು ಮೂರು ನಿಮಿಷ ಪರದೆಯ ಮೇಲೆ ಬಟನ್ ಹುಡುಕಿ ಸೋಲುವ ದೃಶ್ಯ ಅಲುಗಿಸುತ್ತದೆ. ವ್ಯಾಪಾರಿ ಸಂಸ್ಥೆಗಳಿಗೆ ಮಾರುವ ಕಂಪನಿಗಳಿಗೆ ಐಬಿಎಂ ರೂಢಿಸಿದ 'ಸ್ಪಾನ್ಸರ್ ಯೂಸರ್' ಕ್ರಮ ಹೊಂದುತ್ತದೆ: ಗ್ರಾಹಕ ಸಂಸ್ಥೆಯಲ್ಲಿ ನಿಜವಾಗಿ ಆ ಕೆಲಸ ಮಾಡುವ ಕೆಲವರು ಯೋಜನೆಯುದ್ದಕ್ಕೂ ತಂಡದ ಜೊತೆ ಇರುತ್ತಾರೆ. ಕೊಳ್ಳುವ ಅಧಿಕಾರಿಯನ್ನು ಈ ಜಾಗದಲ್ಲಿ ಕೂರಿಸುವ ತಪ್ಪು ಮಾಡಬಾರದು. ಅವರು ತಂತ್ರಾಂಶವನ್ನು ತೆರೆದೇ ನೋಡಿರುವುದಿಲ್ಲ.

ಅಂಕಿಗಳ ಬಲೆ

ದೊಡ್ಡ ಕಂಪನಿಗೆ ಸ್ಟಾರ್ಟಪ್‌ಗಿಲ್ಲದ ಒಂದು ವರವಿದೆ: ಜನಸಂಖ್ಯೆ. ಬಳಕೆದಾರರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಳೆಯದನ್ನೂ ಇನ್ನೊಂದಕ್ಕೆ ಹೊಸದನ್ನೂ ತೋರಿಸಿ ಹೋಲಿಸುವ ಎ/ಬಿ ಪರೀಕ್ಷೆ ಇಲ್ಲಿ ನಿಜವಾಗಿಯೂ ಸಾಧ್ಯ. ಈಗ ಶೇ 5 ಜನ ಖರೀದಿ ಮುಗಿಸುತ್ತಿದ್ದಾರೆ, ಅದು 5.5 ಆಯಿತೇ ಎಂದು ತಿಳಿಯಬೇಕು ಅಂದುಕೊಳ್ಳಿ. ಪ್ರತಿ ಗುಂಪಿಗೆ ಬೇಕಾದ ಸಂಖ್ಯೆ ಸ್ಥೂಲವಾಗಿ 16 ಗುಣಿಸು 0.05 ಗುಣಿಸು 0.95, ಅದನ್ನು 0.005ರ ವರ್ಗದಿಂದ ಭಾಗಿಸಿದಷ್ಟು: ಸುಮಾರು 30,400. ಎರಡೂ ಗುಂಪು ಸೇರಿ 60,800 ಜನ. ದಿನಕ್ಕೆ 5,000 ಜನ ಬರುವ ಪುಟಕ್ಕೆ ಹದಿಮೂರು ದಿನ. ವಾರದ ಏರಿಳಿತ ಸಮನಾಗಲು ಎರಡು ಪೂರ್ತಿ ವಾರ. ದಿನಕ್ಕೆ 200 ಜನ ಬರುವ ಒಳಗಿನ ಪೋರ್ಟಲ್ಲಿಗೆ ಹತ್ತು ತಿಂಗಳು. ಅಲ್ಲಿ ಎ/ಬಿ ಪರೀಕ್ಷೆಯ ಹಠ ಬಿಟ್ಟು ಎಂಟು ಜನರ ಪಕ್ಕ ಕೂತು ನೋಡುವುದೇ ಜಾಣತನ.

ಇಲ್ಲಿ ಎಡವುವುದು ಹೆಚ್ಚಾಗಿ ಅವಸರದಿಂದ. ಪ್ರತಿದಿನ ಡ್ಯಾಶ್‌ಬೋರ್ಡ್ ನೋಡಿ, ಗೆದ್ದಂತೆ ಕಂಡ ದಿನ ಪರೀಕ್ಷೆ ನಿಲ್ಲಿಸಿದರೆ, ಇಲ್ಲದ ವ್ಯತ್ಯಾಸವನ್ನು ಇದೆ ಎಂದು ನಂಬುವ, ಶೇ 5 ಎಂದುಕೊಂಡ ತಪ್ಪಿನ ಸಾಧ್ಯತೆ ಹಲವು ಪಟ್ಟು ಏರುತ್ತದೆ. ಎರಡು ಗುಂಪಿಗೆ ಅರ್ಧರ್ಧ ಹಂಚಿದ ಜನ 50ಕ್ಕೆ 50 ಬಂದಿಲ್ಲವಾದರೆ, ಲಕ್ಷ ಜನರಲ್ಲಿ 50,800ಕ್ಕೆ 49,200 ಎಂಬಷ್ಟು ಸಣ್ಣ ವ್ಯತ್ಯಾಸವೂ ಎಲ್ಲೋ ದೋಷವಿದೆ ಎಂಬುದರ ಗುರುತು. ಆಗ ಉಳಿದ ಅಂಕಿಗಳನ್ನು ಓದುವುದೇ ಬೇಡ.

ಹಿರಿಯರ ಅಂತಃಪ್ರಜ್ಞೆಗಿಂತ ಪರೀಕ್ಷೆ ಯಾಕೆ ಎಂದು ಕೇಳುವವರಿಗೆ ಮೈಕ್ರೊಸಾಫ್ಟ್‌ನ ಅನುಭವ ತೋರಿಸಬಹುದು. ಅಲ್ಲಿ ಪ್ರಯೋಗ ವಿಭಾಗ ಕಟ್ಟಿದ ರಾನ್ ಕೊಹಾವಿ ಮತ್ತು ಸಂಗಡಿಗರು ದಾಖಲಿಸಿದಂತೆ, ಪರೀಕ್ಷಿಸಿದ ಯೋಚನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಉದ್ದೇಶಿಸಿದ ಫಲ ಕೊಟ್ಟಿತು. ಮೂರನೇ ಒಂದು ಭಾಗ ಏನೂ ಮಾಡಲಿಲ್ಲ, ಉಳಿದದ್ದು ಕೆಡಿಸಿತು. ಅದೇ ಕಂಪನಿಯ ಹುಡುಕುತಾಣ ಬಿಂಗ್‌ನಲ್ಲಿ ಜಾಹೀರಾತಿನ ಶೀರ್ಷಿಕೆಯನ್ನು ಉದ್ದಮಾಡುವ ಒಂದು ಪುಟ್ಟ ಯೋಚನೆ, ಮುಖ್ಯವಲ್ಲವೆಂದು ಆರು ತಿಂಗಳಿಗೂ ಹೆಚ್ಚು ಕಾಲ ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ, ಅಂದರೆ ಬ್ಯಾಕ್‌ಲಾಗಿನಲ್ಲಿ ಬಿದ್ದಿತ್ತು. 2012ರಲ್ಲಿ ಎಂಜಿನಿಯರ್ ಒಬ್ಬರು ಪರೀಕ್ಷೆಗೆ ಹಚ್ಚಿದಾಗ ಆದಾಯ ಶೇ 12 ಏರಿತು. ಅಮೆರಿಕ ಒಂದರಲ್ಲೇ ಅದು ವರ್ಷಕ್ಕೆ 10 ಕೋಟಿ ಡಾಲರ್‌ಗೂ ಮಿಕ್ಕ ಮೊತ್ತ. ಆದ್ಯತೆಯ ಪಟ್ಟಿ ಮಾಡಿದವರಲ್ಲಿ ಯಾರಿಗೂ ಅದು ಮೊದಲೇ ಹೊಳೆದಿರಲಿಲ್ಲ.

ಜನಸಂಖ್ಯೆ ದೊಡ್ಡದಿದ್ದರೆ ಹೊಣೆಯೂ ದೊಡ್ಡದು. 6,89,003 ಬಳಕೆದಾರರ ಫೀಡ್‌ನಲ್ಲಿ ಭಾವನೆಯ ಪದಗಳಿರುವ ಪೋಸ್ಟ್‌ಗಳನ್ನು ಏರಿಳಿಸಿ ನೋಡಿದ ಫೇಸ್‌ಬುಕ್ ಅಧ್ಯಯನ 2014ರಲ್ಲಿ ಪ್ರಕಟವಾದಾಗ ಎದ್ದ ಗದ್ದಲ, ಆ ಬಳಕೆದಾರರಿಗೆ ತಿಳಿಸಿ ಒಪ್ಪಿಗೆ ಪಡೆದಿರಲಿಲ್ಲ ಎಂಬುದರ ಸುತ್ತಲೇ ಇತ್ತು. ಜನರ ಮನಸ್ಸು, ಆರೋಗ್ಯ, ಹಣಕ್ಕೆ ತಾಗುವ ಪ್ರಯೋಗ ಮಿತಿಪಟ್ಟಿಯ ಹೊರಗೇ ಇರಲಿ.

ಕಟ್ಟುವುದು ಅಗ್ಗವಾದ ಮೇಲೆ

ಈಗ ಈ ಚರ್ಚೆಗೆ ಹೊಸ ತಿರುವು ಕೊಟ್ಟಿರುವುದು ಕೃತಕ ಬುದ್ಧಿಮತ್ತೆ. ಮೊದಲು ಮೂರು ವಾರ ಹಿಡಿಯುತ್ತಿದ್ದ ಪ್ರೊಟೊಟೈಪ್ (ಪರೀಕ್ಷೆಗೆಂದು ಮಾಡುವ ಮಾದರಿ) ಈಗ ಒಂದು ಮಧ್ಯಾಹ್ನದಲ್ಲಿ ತಯಾರು, ಅದೂ ನಿಜವಾದ ಉತ್ಪನ್ನದಂತೆ ಥಳಥಳಿಸುತ್ತ. ಇದರಿಂದ ಲೀನ್ ವಿಧಾನ ಸುಲಭವಾಯಿತು ಎನ್ನುವವರಿದ್ದಾರೆ. ನಮಗೆ ಅಷ್ಟು ಖಾತ್ರಿಯಿಲ್ಲ. ದೊಡ್ಡ ಕಂಪನಿಯಲ್ಲಿ ಕಟ್ಟುವ ವೇಗ ಎಂದೂ ಮುಖ್ಯ ಅಡ್ಡಿಯಾಗಿರಲಿಲ್ಲ. ಬಳಕೆದಾರರನ್ನು ತಲುಪುವುದು ಮತ್ತು ತೀರ್ಮಾನ ಪಡೆಯುವುದು ಅಡ್ಡಿಯಾಗಿದ್ದವು, ಎರಡೂ ಅಲ್ಲೇ ಇವೆ. ಮೊದಲಿಗೆ ಒಂದು ಪ್ರೊಟೊಟೈಪ್ ಕಾಯುತ್ತಿದ್ದ ಸಾಲಿನಲ್ಲಿ ಈಗ ಹತ್ತು ಕಾಯುತ್ತವೆ. ಜೊತೆಗೆ, ನೋಡಲು ಮುಗಿದಂತಿರುವ ಪ್ರೊಟೊಟೈಪ್ ಕಂಡ ಅಧಿಕಾರಿ 'ಆಗಿಯೇ ಹೋಯಿತಲ್ಲ, ಬಿಡುಗಡೆ ಮಾಡಿ' ಎನ್ನುವ ಅಪಾಯ ಬೇರೆ. ಕಾಗದದ ಮೇಲೆ ಗೀಚಿದ ಚಿತ್ರಕ್ಕೆ ಯಾರೂ ಹಾಗೆನ್ನುತ್ತಿರಲಿಲ್ಲ.

ನಿಜವಾದ ಜನರ ಬದಲು ಭಾಷಾ ಮಾಡೆಲ್‌ಗಳನ್ನೇ 'ಬಳಕೆದಾರ'ರಾಗಿಸಿ ಪ್ರಶ್ನೆ ಕೇಳುವ ಉಪಕರಣಗಳೂ ಮಾರುಕಟ್ಟೆಗೆ ಬಂದಿವೆ. ಸಂದರ್ಶನದ ಪ್ರಶ್ನೆಗಳನ್ನು ತಿದ್ದಲು, ಮರೆತ ಊಹೆಗಳನ್ನು ನೆನಪಿಸಿಕೊಳ್ಳಲು ಇವು ಉಪಯೋಗಕ್ಕೆ ಬರುತ್ತವೆ. ಪುರಾವೆಯಾಗಿ ಮಂಡಳಿಯ ಮುಂದೆ ಇಡಲು ಬಾರವು. 'ಗಾಡಿ ಗ್ಯಾರೇಜಿನಲ್ಲಿದೆ' ಎಂಬಂಥ ಸಾಧ್ಯತೆಯನ್ನು ಅವು ಪಟ್ಟಿಯಲ್ಲಿ ಹೇಳಿಯಾವು. 40ರಲ್ಲಿ ಎಷ್ಟು ಜನರ ಗಾಡಿ ಅಲ್ಲಿದೆ ಎಂದು ಹೇಳಲಾರವು.

ಲೋಹ, ಔಷಧ, ನಿಯಂತ್ರಣ

ಇದೆಲ್ಲ ತಂತ್ರಾಂಶಕ್ಕೆ ಸರಿ, ಯಂತ್ರ ತಯಾರಿಸುವವರಿಗೆ ಹೇಗೆ ಎಂಬ ಆಕ್ಷೇಪ ಹಳೆಯದು. ಜನರಲ್ ಎಲೆಕ್ಟ್ರಿಕ್ ಕಂಪನಿ ಎರಿಕ್ ರೀಸ್ ಅವರ ನೆರವಿನಿಂದ ನಡೆಸಿದ 'ಫಾಸ್ಟ್‌ವರ್ಕ್ಸ್' ಕಾರ್ಯಕ್ರಮದಲ್ಲಿ ಮೊನೊಗ್ರಾಮ್ ಎಂಬ ದುಬಾರಿ ರೆಫ್ರಿಜರೇಟರನ್ನು ಹೀಗೇ ಮಾಡಿದರು. ಮೊದಲ ಮಾದರಿ ನೋಡಿದ ಗ್ರಾಹಕರು ಸ್ಟೀಲಿನ ಬಣ್ಣ ತೀರಾ ಗಾಢವಾಯಿತು ಎಂದರು. ಅದನ್ನು ತಿದ್ದಿ ತಂದಾಗ ಸ್ಟೀಲ್ ಒಪ್ಪಿದರು, ಒಳಗಿನ ದೀಪ ಸರಿಯಿಲ್ಲ ಎಂದರು. ಪ್ರತಿ ಸುತ್ತಿಗೂ ಕೆಲವೇ ಘಟಕ ತಯಾರಿಸಿ ತೋರಿಸಿದ್ದರಿಂದ, ಅಚ್ಚುಗಳಿಗೆ ದೊಡ್ಡ ಹಣ ಸುರಿಯುವ ಮುನ್ನವೇ ಇವೆರಡೂ ಗೊತ್ತಾದವು.

ವೈದ್ಯಕೀಯ ಸಾಧನಗಳಲ್ಲಿ ನಿಯಮವೇ ಯುಎಕ್ಸ್ ಪರೀಕ್ಷೆಯನ್ನು ಕೇಳುತ್ತದೆ. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರ ಮಾರ್ಗಸೂಚಿಯಲ್ಲಿ ಅಂತಿಮ ದೃಢೀಕರಣ ಪರೀಕ್ಷೆಗೆ ಪ್ರತಿ ಬಳಕೆದಾರ ಗುಂಪಿನಿಂದ ಕನಿಷ್ಠ 15 ಜನ ಎಂದು ಹೇಳಿದೆ. ಅದಕ್ಕೂ ಮುಂಚಿನ ಸುತ್ತುಗಳಲ್ಲಿ ಐದೈದು ಜನರ ಪರೀಕ್ಷೆಗೆ ಯಾರ ಅಡ್ಡಿಯೂ ಇಲ್ಲ. ನಿಯಂತ್ರಣವಿದೆ ಎಂಬ ಕಾರಣಕ್ಕೆ ಕೊನೆಯಲ್ಲೊಂದೇ ಪರೀಕ್ಷೆ ಇಟ್ಟುಕೊಂಡವರು ಅಲ್ಲೇ ಮುಗ್ಗರಿಸಿ, ಅಚ್ಚಿನಿಂದ ಮತ್ತೆ ಶುರುಮಾಡುತ್ತಾರೆ.

ಕೊನೆಗೆ, ಗೆದ್ದ ಪ್ರಯೋಗವೂ ಸಾಯುವ ಒಂದು ಜಾಗವಿದೆ: ಹಸ್ತಾಂತರ. ಪ್ರಯೋಗದ ಕೋಡ್ ಅವಸರದ್ದು, ಅದನ್ನು ಹೊರೆ ತಾಳುವಂತೆ ಮತ್ತೆ ಬರೆಯಬೇಕು. ಆದರೆ ಅದನ್ನು ಪಡೆಯಬೇಕಾದ ವಿಭಾಗದ ಈ ವರ್ಷದ ಬಜೆಟ್ ಆಗಲೇ ಹಂಚಿಹೋಗಿರುತ್ತದೆ, ಮತ್ತು ಪ್ರಯೋಗದಲ್ಲಿ ಅವರ ಪಾಲೇ ಇಲ್ಲದ್ದರಿಂದ ಅವರಿಗೆ ಅದು ಬೇರೆಯವರ ಮಗು. ಎರಡನೇ ಕಂತಿನಿಂದಲೇ ಆ ವಿಭಾಗದ ಒಬ್ಬ ಎಂಜಿನಿಯರ್ ತಂಡದೊಳಗಿರಲಿ, ಆ ವಿಭಾಗದ ಮುಖ್ಯಸ್ಥರು ಮಂಡಳಿಯಲ್ಲಿರಲಿ, ಮೂರನೇ ಕಂತಿನ ಹಣದಲ್ಲಿ ಪುನರ್‌ರಚನೆಯ ವೆಚ್ಚ ಬೇರೆಯಾಗಿ ಎತ್ತಿಟ್ಟಿರಲಿ. ಪ್ರಯೋಗದ ತಂಡದ ಡಿಸೈನರ್ ಹಸ್ತಾಂತರದ ನಂತರವೂ ಮೂರು ತಿಂಗಳಾದರೂ ಜೊತೆಗಿರಬೇಕು. ಚೌಕಟ್ಟಿನ ಕೆಳಗೆ ಬರೆದ 'ಎರಡು ಹೆಜ್ಜೆ ಹಿಂದೆ ಸರಿಯಿರಿ' ಎಂಬ ಸಾಲು ಯಾಕಿದೆ ಎಂಬುದು ಆಕೆಗೆ ಗೊತ್ತು. ಹೊಸ ತಂಡ ಮೊದಲ ವಾರದಲ್ಲೇ 'ಜಾಗ ಉಳಿಸಲು' ತೆಗೆಯುವುದು ಅಂಥ ಸಾಲುಗಳನ್ನೇ.